ಕೈಗೆ ಒಗ್ಗುವ ಹ್ಯಾಂಡಲ್

ಬೈಕಿನಲ್ಲಿ 100 ಕಿಲೋಮೀಟರ್ ದಾಟುವಷ್ಟರಲ್ಲಿ ನನ್ನ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿಯುತ್ತಿದ್ದವು. ಗಾಡಿ ನಿಲ್ಲಿಸಿ ಕೈ ಕೊಡವಿದರೆ ಸರಿಹೋಗುತ್ತಿತ್ತು. ಸ್ವಲ್ಪ ದೂರ ಹೋದರೆ ಮತ್ತೆ ಅದೇ ರಾಗ. ಗ್ರಿಪ್ ಬದಲಿಸಿದೆ, ದಪ್ಪ ಗ್ಲೌಸ್ ಹಾಕಿದೆ, ಪ್ರಯೋಜನ ಆಗಲಿಲ್ಲ. ಆ ಎರಡು ಬೆರಳಿಗೆ ಹೋಗುವ ನರ ಅಂಗೈಯಲ್ಲಿ ಕಿರುಬೆರಳಿನ ಬದಿಗೇ ಸಾಗುತ್ತದೆ. ಮೈಭಾರವೆಲ್ಲ ಅಲ್ಲೇ ಕೂತರೆ ಗ್ಲೌಸ್ ತಾನೇ ಏನು ಮಾಡೀತು?

ಆಗ ಎತ್ತರದ ಹ್ಯಾಂಡಲ್ ಹಾಕಿಸಿದೆ. ಬೆನ್ನು ನೆಟ್ಟಗಾದರೆ ಭಾರ ಸೀಟಿಗೆ ಇಳಿಯುತ್ತದೆ ಅಂತ ನನ್ನ ಲೆಕ್ಕ. ಅಂಗೈ ಹಗುರಾಯಿತು, ನಿಜ. ಆದರೆ ಮಣಿಕಟ್ಟು ನೋಯತೊಡಗಿತು. ಆ ಹ್ಯಾಂಡಲ್‌ನ ತುದಿಗಳು ಹೆಚ್ಚುಕಡಿಮೆ ನೇರವಾಗಿದ್ದವು. ಒಂದು ಕೋಲನ್ನು ಸುಮ್ನೆ ಮುಷ್ಟಿಯಲ್ಲಿ ಹಿಡಿದು ನೋಡಿ, ಅದು ಓರೆಯಾಗಿಯೇ ನಿಲ್ಲುತ್ತದೆ ಅಲ್ವಾ? ನೇರ ಹಿಡಿಯಲು ಹೋದರೆ ಮಣಿಕಟ್ಟು ಪಕ್ಕಕ್ಕೆ ಬಾಗಲೇಬೇಕು. ಎತ್ತರ, ಅಗಲ ಎರಡನ್ನೂ ನೋಡಿದ್ದೆ. ತುದಿ ಎಷ್ಟು ಹಿಂದಕ್ಕೆ ಬಾಗಿದೆ ಅನ್ನೋದನ್ನು ನೋಡಿರಲಿಲ್ಲ.

ಎರಡನೇ ಸಲ ಅಳತೆ ಮೊದಲು, ಹ್ಯಾಂಡಲ್ ಆಮೇಲೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿ ಕುಳಿತೆ. ಭುಜ ಸಡಿಲ ಬಿಟ್ಟು, ಮೊಣಕೈ ಸ್ವಲ್ಪ ಬಾಗಿಸಿ ಕೈ ಮುಂದಕ್ಕೆ ಚಾಚಿದೆ. ನನ್ನ ಹೆಂಡತಿ ಟೇಪು ಹಿಡಿದು ಅಳೆದಳು. ನನ್ನ ಮುಷ್ಟಿಗಳು ಹ್ಯಾಂಡಲ್‌ಗಿಂತ 4 ಸೆಂಟಿಮೀಟರ್ ಹಿಂದೆ, 2 ಸೆಂಟಿಮೀಟರ್ ಕೆಳಗೆ ಇದ್ದವು. ಅಂದರೆ ನನಗೆ ಅಷ್ಟು ಎತ್ತರ ಬೇಕೇ ಇರಲಿಲ್ಲ!

ಅಗಲ ಜಾಸ್ತಿ ಇದ್ದರೆ ನಿಧಾನವಾಗಿ ಹೋಗುವಾಗ ತಿರುಗಿಸಲು ಸುಲಭ. ವೇಗದಲ್ಲಿ ಮಾತ್ರ ಎದೆಗೆ ಗಾಳಿ ಹೊಡೆದು, ಹಿಡಿದುಕೊಳ್ಳುವುದರಲ್ಲೇ ತೋಳು ಸೋಲುತ್ತದೆ. ಹ್ಯಾಂಡಲ್ಲನ್ನು ಗಾಡಿಗೆ ಬಿಗಿದು ಹಿಡಿಯುವ ಕ್ಲಾಂಪಿನ ಅಳತೆಯನ್ನೂ ನೋಡಿಕೊಳ್ಳಿ. 22 ಮಿಲಿಮೀಟರ್ ಕ್ಲಾಂಪಿಗೆ 28.6ರ ದಪ್ಪ ಹ್ಯಾಂಡಲ್ ನೇರವಾಗಿ ಕೂರುವುದಿಲ್ಲ.

ಹಾಕಿದ ಮೇಲೆ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಇಂಜಿನ್ ಓಡುತ್ತಿರಲಿ. ಹ್ಯಾಂಡಲ್ಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಇಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಬ್ರೇಕ್ ಹೋಸ್ ಬಿಗಿಯಾಗಬಾರದು, ಬೆರಳು ಟ್ಯಾಂಕಿಗೆ ತಾಗಬಾರದು. ಹೊಸ ಹ್ಯಾಂಡಲ್ ಕೊಳ್ಳುವ ಮೊದಲು ಇರುವುದರ ಕ್ಲಾಂಪ್ ಬೋಲ್ಟುಗಳನ್ನು ಸಡಿಲಿಸಿ, ಒಂದಿಷ್ಟು ಹಿಂದಕ್ಕೆ ತಿರುಗಿಸಿಯೂ ನೋಡಿ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ.

ಮೊನ್ನೆ ಹೊಸ ಹ್ಯಾಂಡಲ್‌ನಲ್ಲಿ 6 ಗಂಟೆ ಓಡಿಸಿದೆ. ಒಂದು ಸಲವೂ ಕೈ ಕೊಡವಲಿಲ್ಲ. ಕ್ಲಚ್ ಲಿವರ್ ಮಾತ್ರ ಇನ್ನೂ ಸ್ವಲ್ಪ ಕೆಳಗಾಗಬೇಕು. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಅದೇ ಕೆಲಸ.