ದೊಡ್ಡಮ್ಮನ ವಜ್ರಕೀಟ

14 ಡಿಸೆಂಬರ್ 2024, ಶನಿವಾರ. ಮೈಸೂರು

ಅಗ್ರಹಾರಕ್ಕೆ ಹೋದಾಗ ದೊಡ್ಡಮ್ಮನ ಪೂಜೆ ಇನ್ನೂ ಮುಗಿದಿರಲಿಲ್ಲ. "ಮುಟ್ಟಬೇಡ, ಬೇಕಾದ್ರೆ ನೋಡು" ಅಂತ ಸಾಲಿಗ್ರಾಮವನ್ನು ಅಂಗೈ ಮೇಲಿಟ್ಟು ತೋರಿಸಿದರು.

ಲೆನ್ಸ್ ಹಿಡಿದು ಬಗ್ಗಿದೆ. ಕಪ್ಪು ಕಲ್ಲು, ಒಂದು ಕಡೆ ಬಾಯಿ ಬಿಟ್ಟಿದೆ. ಒಳಗೆ ಸುರುಳಿ, ಸುರುಳಿ ಮೇಲೆ ಅಡ್ಡಡ್ಡ ಏಣುಗಳು. ಅಭಿಷೇಕದ ನೀರು ಏಣುಗಳ ಸಂದಿಯಲ್ಲಿ ನಿಂತಿತ್ತು. ಅಮ್ಮೊನೈಟೇ, ಯಾವತ್ತೋ ಅಳಿದುಹೋದ ಸಮುದ್ರಜೀವಿಯ ಪಳೆಯುಳಿಕೆ, ಅನುಮಾನವೇ ಇಲ್ಲ.

"ಅದು ಚಕ್ರ. ವಜ್ರಕೀಟ ಕೊರೆದದ್ದು ಅಂತಿದ್ರು ನಮ್ಮ ಮಾವನವರು."

"ಜೀವಿ ಇದ್ದದ್ದು ನಿಜ ದೊಡ್ಡಮ್ಮ. ಆದ್ರೆ ಕೊರೀಲಿಲ್ಲ, ಕಟ್ಟಿಕೊಳ್ತು" ಅಂದೆ. ಆಕ್ಟೋಪಸ್, ಸ್ಕ್ವಿಡ್‌ಗಳ ನೆಂಟ ಅದು. ಬೆಳೆದಂತೆಲ್ಲ ಚಿಪ್ಪಿನಲ್ಲಿ ಮುಂದಕ್ಕೆ ಸರಿದು ಹಿಂದೆ ಒಂದು ಗೋಡೆ ಎಬ್ಬಿಸೋದು. ವಾಸ ಕೊನೇ ಕೋಣೆಯಲ್ಲಿ ಮಾತ್ರ. ಹಿಂದಿನವೆಲ್ಲ ತೇಲೋದಕ್ಕೆ. ಸತ್ತು ಕೆಸರಲ್ಲಿ ಹೂತ ಮೇಲೆ ಸುತ್ತಲಿನ ಕೆಸರೂ ಗಟ್ಟಿಯಾಗಿ ಉಂಡೆಯಾಯ್ತು. ಹಿಮಾಲಯ ಎದ್ದಾಗ ಆ ಸಮುದ್ರದ ತಳವೂ ಮೇಲೆ ಬಂತು, ಉಂಡೆಗಳನ್ನು ಗಂಡಕಿ ಹೊತ್ತು ತಂದಳು.

"ಅಂದ್ರೆ ಇದು ಸತ್ತ ಪ್ರಾಣೀದು."

ನಾನು ಸುಮ್ಮನಾದೆ. ಮಡಿ ಬೇರೆ.

"ಶಂಖ ಯಾರದು ಮತ್ತೆ? ಅದೂ ಸತ್ತ ಹುಳದ ಮನೇನೇ ಅಲ್ವಾ? ಬಾಯಿಗಿಟ್ಟು ಊದ್ತೀವಿ" ಅಂದವರೇ ಸಂಪುಟ ಮುಚ್ಚಿ ಕಾಫಿಗೆ ಎದ್ದರು.

ಆನ್‌ಲೈನ್‌ನಲ್ಲಿ ಪಾಲಿಶ್ ಮಾಡಿ ಮಾರುವ ಅಮ್ಮೊನೈಟ್ ಕಂಡರೆ ನನಗೆ ಅಷ್ಟಕ್ಕಷ್ಟೆ. ಚೆಂದ ಇರ್ತವೆ, ಆದರೆ ಯಾವ ಊರು, ಯಾವ ಪದರ ಅಂತ ಗೊತ್ತಿಲ್ಲದ್ದು ಬರೀ ಪೇಪರ್‌ವೇಟ್. ನನಗೆ ಗೆಳೆಯ ಕೊಟ್ಟ ಅಮ್ಮೊನೈಟ್ ತುಂಡಿನ ಜೊತೆ ಚೀಟಿ ಇದೆ: ಕಾರೈ, ತಮಿಳುನಾಡು. ಸುಮಾರು 10 ಕೋಟಿ ವರ್ಷ ಹಳೇದು. ಅಂಚಿನಲ್ಲಿ ಚಿಪ್ಪು ಸವೆದ ಕಡೆ ಕೋಣೆಯ ಗೋಡೆಗಳ ಗೆರೆ ಕಾಣುತ್ತೆ, ಎಲೆ ಅಂಚಿನ ಹಾಗೆ ಸುಕ್ಕುಸುಕ್ಕು. ಇವತ್ತಿಗೂ ಬದುಕಿರೋ, ಚಿಪ್ಪಿರೋ ನೆಂಟ ನಾಟಿಲಸ್‌ನಲ್ಲಿ ಅದು ಸಾದಾ ಬಾಗುಗೆರೆ.

ಸಂಜೆ ಕೆಳಗಿನ ಮನೆ ಹುಡುಗ ಸುತ್ತಿಗೆ ಹಿಡಿದು ಬಂದ. ಚಾಮುಂಡಿ ಬೆಟ್ಟದಲ್ಲಿ ಹುಡುಕೋಣವಂತೆ! ಆ ಗ್ರಾನೈಟ್ ಕಾದ ಶಿಲಾರಸ ಆರಿ ಆದದ್ದು ಕಣೋ, ಸುಮಾರು 80 ಕೋಟಿ ವರ್ಷದ್ದು, ಅಮ್ಮೊನೈಟ್ ಹುಟ್ಟೇ ಇರಲಿಲ್ಲ ಅಂದೆ. ಮುಖ ಸಪ್ಪೆಯಾಯ್ತು. ಅವನ ಸುತ್ತಿಗೆ ತೆಂಗಿನಕಾಯಿ ಒಡೆಯೋದು, ಅವರಮ್ಮ ಹುಡುಕ್ತಿದ್ದರು.

ತಿರುಚ್ಚಿಗೆ ಇಲ್ಲಿಂದ ರೈಲಿದೆ, ಅಲ್ಲಿಂದ ಕಾರೈ ದೂರ ಇಲ್ಲ. ಹೆಕ್ಕೋಕಲ್ಲ, ಪದರಗಳನ್ನ ಒಮ್ಮೆ ಕಣ್ಣಾರೆ ನೋಡಬೇಕು. ಹುಡುಗನ್ನೂ ಕರ್ಕೊಂಡು ಹೋದರೆ? ಅವರಮ್ಮ ಏನಂತಾರೋ, ಮೊದಲು ಸುತ್ತಿಗೆ ವಾಪಸ್ ಹೋಗಲಿ.