ಬೇಡ ಅನ್ನೋ ಕೆಲಸವೂ ನಮ್ಮದೇನಾ?

ಜಾಹೀರಾತು ಕಂಡ ತಕ್ಷಣ ಉರಿದು ಬೀಳುವವಳಲ್ಲ ನಾನು. ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋದರೆ ಹೂವಿನವರು, ಹಣ್ಣಿನವರು "ಬನ್ನಿ ಅಕ್ಕಾ, ನೋಡಿ ಅಕ್ಕಾ" ಅಂತ ಕೂಗುತ್ತಾರೆ. ಕೂಗಲಿ. ಅದು ಅವರ ಜಾಗ, ಕೊಳ್ಳೋಕೆ ಅಂತಲೇ ಅಲ್ಲಿಗೆ ಹೋದವಳು ನಾನು. ಬೇಡ ಅಂದರೆ ಹಿಂದೆ ಬರುವವರನ್ನು ಕರೆಯುತ್ತಾರೆ, ಅಷ್ಟೇ. ಪೇಪರಿನಲ್ಲಿ ಅರ್ಧ ಪುಟ ಸೈಟು ಮಾರಾಟದ ಜಾಹೀರಾತು ಇದ್ದರೂ ಪುಟ ತಿರುಗಿಸಿದರೆ ಮುಗಿಯಿತು. ನನ್ನ ಸಿಟ್ಟು ಕರೆಯದೇ ಮನೆಯೊಳಗೆ ಬರುವ ಜಾಹೀರಾತಿನ ಮೇಲೆ. ಅದಕ್ಕಿಂತ ಜಾಸ್ತಿ, ಅದನ್ನು ತಡೆಯುವ ಕೆಲಸವನ್ನೂ ನಮ್ಮ ತಲೆಗೇ ಕಟ್ಟಿದ್ದಾರಲ್ಲ, ಅದರ ಮೇಲೆ.

ನಮ್ಮಮ್ಮ ಮಂಡ್ಯದಲ್ಲಿದ್ದಾರೆ. ಎಪ್ಪತ್ತು ದಾಟಿದೆ, ಮಂಡಿನೋವು. ಹಿತ್ತಿಲಿನಲ್ಲಿ ಬಟ್ಟೆ ಹರವುತ್ತಿರುವಾಗ ಒಳಗೆ ಫೋನ್ ಹೊಡೆದುಕೊಂಡರೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಹತ್ತಿ, ನಡುಮನೆಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತಾರೆ. ಎತ್ತಿದರೆ ಆ ಕಡೆ ರೆಕಾರ್ಡ್ ಮಾಡಿದ ದನಿ. ಪರ್ಸನಲ್ ಲೋನ್ ಬೇಕಿದ್ದರೆ ಒಂದು ಒತ್ತಿ. ಅಮ್ಮ ಪಾಪ ಮನುಷ್ಯರೇ ಮಾತಾಡುತ್ತಿದ್ದಾರೆ ಅಂದುಕೊಂಡು "ಯಾರಪ್ಪಾ, ಸ್ವಲ್ಪ ಜೋರಾಗಿ ಹೇಳು" ಅನ್ನುತ್ತಾರೆ. ಇದನ್ನು ಕಣ್ಣಾರೆ ನೋಡಿದ ದಿನ ನನಗೆ ಹೊಟ್ಟೆ ಉರಿದುಹೋಯಿತು.

ಗೊತ್ತಿಲ್ಲದ ನಂಬರ್ ಎತ್ತಬೇಡಿ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. "ಗ್ಯಾಸ್ ತರೋ ಹುಡ್ಗ ಯಾವ ನಂಬರಿಂದ ಮಾಡ್ತಾನೆ ಅಂತ ನಂಗೇನವ್ವ ಗೊತ್ತು?" ಅಂತ ಅಮ್ಮ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಸ್ಕ್ಯಾನಿಂಗ್‌ನವರು, ಕೊರಿಯರ್‌ನವರು, ಮೊಮ್ಮಗನ ಸ್ಕೂಲ್ ವ್ಯಾನಿನವರು, ಇವರೆಲ್ಲರ ನಂಬರೂ ಗೊತ್ತಿಲ್ಲದ್ದೇ ಅಲ್ವಾ?

ನಿಯಮ ಇಲ್ಲ ಅಂತಲ್ಲ. ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ ಟ್ರಾಯ್ 2018ರಲ್ಲೇ ನಿಯಮ ಮಾಡಿದೆ. ಜಾಹೀರಾತಿನ ಕರೆ 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು, ಮಾಮೂಲಿ ಮೊಬೈಲ್ ನಂಬರಿನಿಂದ ಮಾಡುವ ಹಾಗಿಲ್ಲ. ನಮಗೆ ಇವೆಲ್ಲ ಬೇಡ ಅಂದರೆ ಇಂಗ್ಲಿಷಿನಲ್ಲಿ ಸ್ಟಾರ್ಟ್ ಅಂತ ಬರೆದು, ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಮೆಸೇಜ್ ಕಳಿಸಬೇಕು. ಆಮೇಲೂ ಕರೆ ಬಂದರೆ ಯಾವ ನಂಬರು, ಯಾವ ದಿನ, ಏನು ಹೇಳಿದರು ಅಂತ ಬರೆದು ಅದೇ 1909ಕ್ಕೆ ದೂರು ಕೊಡಬೇಕು. ಮುಂಚೆ ಇದಕ್ಕೆ ಮೂರು ದಿನದ ಗಡುವಿತ್ತು, 2025ರಲ್ಲಿ ಏಳು ದಿನ ಮಾಡಿದ್ದಾರೆ. ಒಳ್ಳೆಯದೇ. ಆದರೆ ಇಡೀ ವ್ಯವಸ್ಥೆಯಲ್ಲಿ ಕೆಲಸ ಯಾರಿಗೆ ಅಂತ ನೋಡಿ. ಫೋನ್ ಮಾಡುವವರದ್ದು ಮೆಷಿನ್ನು, ಒಂದೇ ಸಲಕ್ಕೆ ಸಾವಿರಾರು ಜನಕ್ಕೆ ಹೋಗುತ್ತದೆ. ಬೇಡ ಅನ್ನುವವರು ಮಾತ್ರ ಒಬ್ಬೊಬ್ಬರೇ ಕೂತು, ಕನ್ನಡಕ ಹಾಕಿಕೊಂಡು, ಇಂಗ್ಲಿಷಿನಲ್ಲಿ ಮೆಸೇಜ್ ಟೈಪ್ ಮಾಡಬೇಕು. ನಮ್ಮಮ್ಮನಿಗೆ ಫೋನಿನಲ್ಲಿ ಹಸಿರು ಬಟನ್ ಮತ್ತು ಕೆಂಪು ಬಟನ್ ಬಿಟ್ಟರೆ ಬೇರೆ ಗೊತ್ತಿಲ್ಲ. ಅವರಿಗೆ ಬೇಡ ಅನ್ನುವ ಹಕ್ಕು ಇಲ್ಲವಾ?

ಇನ್ನೊಂದು ತೂತು ಇದೆ. 1909ರಲ್ಲಿ ಬೇಡ ಅಂತ ನೋಂದಾಯಿಸಿದ್ದರೂ ಯಾವುದೋ ಕಂಪನಿಗೆ ನೀವೇ ಒಪ್ಪಿಗೆ ಕೊಟ್ಟಿದ್ದರೆ ಅವರು ಕಳಿಸಬಹುದು. ಈ ಒಪ್ಪಿಗೆ ಹೇಗೆ ತೆಗೆದುಕೊಳ್ಳುತ್ತಾರೆ ಅನ್ನೋದಕ್ಕೆ ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ ನಡೆದದ್ದು ಹೇಳುತ್ತೇನೆ. ಎರಡು ಟವೆಲ್ ತಗೊಂಡು ಬಿಲ್ ಹಾಕಿಸಲು ನಿಂತಿದ್ದೆ. ಕೌಂಟರಿನ ಹುಡುಗಿ ತಲೆ ಎತ್ತದೇ "ನಂಬರ್ ಹೇಳಿ ಮೇಡಂ" ಅಂದಳು. ಬೇಡಮ್ಮ, ಪೇಪರ್ ಬಿಲ್ ಸಾಕು ಅಂದೆ. "ನಂಬರ್ ಹಾಕ್ದಿದ್ರೆ ಸಿಸ್ಟಮ್ ಮುಂದಕ್ಕೆ ಹೋಗಲ್ಲ ಮೇಡಂ." ಹಿಂದೆ ಸಾಲು ಬೆಳೆಯುತ್ತಿತ್ತು. ಒಬ್ಬರು "ಕೊಟ್ಬಿಡಿ ಮೇಡಂ, ಒಂದ್ ನಂಬರ್ ತಾನೆ" ಅಂದರು. ಬಿಲ್ ಹಾಕೋಕೆ ಫೋನ್ ನಂಬರಿಗಾಗಿ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ತಿಳಿಸಿದೆ, ಅದನ್ನೇ ಹೇಳಿದೆ. ಹುಡುಗಿ ಮ್ಯಾನೇಜರ್ ಮುಖ ನೋಡಿದಳು, ಅವರು ತಲೆಯಾಡಿಸಿದರು. ಅವಳು ಒಂಬತ್ತರ ಬಟನ್ ಮೇಲೆ ಬೆರಳಿಟ್ಟು ಹತ್ತು ಸಲ ಟಪಟಪ ಒತ್ತಿದಳು. ಬಿಲ್ ಹೊರಗೆ ಬಂತು. ಅಂದರೆ ಸಿಸ್ಟಮ್ ಮುಂದಕ್ಕೆ ಹೋಗುತ್ತದೆ, ಜನರಿಗೆ ಹೋಗಲ್ಲ ಅಂತ ಹೇಳಿಸುತ್ತಾರೆ. ಹುಡುಗಿ ಮೇಲೆ ನನಗೆ ಕೋಪವಿಲ್ಲ, ಹೇಳಿಕೊಟ್ಟಿದ್ದನ್ನು ಹೇಳುತ್ತಿದ್ದಾಳೆ. ಸಾಲಿನಲ್ಲಿ ನಿಲ್ಲಿಸಿ, ನಾಲ್ಕು ಜನರ ಮುಂದೆ ಮುಜುಗರ ಮಾಡಿ ತೆಗೆದುಕೊಂಡಿದ್ದನ್ನು ಒಪ್ಪಿಗೆ ಅಂತ ಕರೆಯುತ್ತಾರಲ್ಲ, ಅದು ತಪ್ಪು.

ಇದು ಬರೀ ಕಿರಿಕಿರಿ ಅಂತ ಬಿಟ್ಟುಬಿಡುವ ವಿಷಯವೂ ಅಲ್ಲ. ನನಗೆ ಪರಿಚಯದ ಒಬ್ಬ ಹುಡುಗ ಇಲ್ಲಿ ರಕ್ತದಾನಿಗಳ ಗುಂಪು ನೋಡಿಕೊಳ್ಳುತ್ತಾನೆ. ಆಸ್ಪತ್ರೆಯಿಂದ ಕೇಳಿಕೆ ಬಂದರೆ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಬೇಕು. ಅರ್ಧ ಜನ ಎತ್ತುವುದೇ ಇಲ್ಲ ಅಕ್ಕಾ, ಎತ್ತಿದವರೂ "ನಮಸ್ಕಾರ ಸರ್" ಅನ್ನುತ್ತಿದ್ದ ಹಾಗೇ "ಲೋನ್ ಬೇಡಪ್ಪಾ" ಅಂತ ಕಟ್ ಮಾಡ್ತಾರೆ ಅಂದ. ಈಗ ಅವನು ನಮಸ್ಕಾರ ಹೇಳುವುದನ್ನೇ ಬಿಟ್ಟು "ಬ್ಲಡ್ ಬೇಕು ಸರ್" ಅಂತಲೇ ಶುರು ಮಾಡುತ್ತಾನಂತೆ. ಅವರೆಲ್ಲ ತಾವಾಗಿಯೇ ಹೆಸರು ಕೊಟ್ಟ ಒಳ್ಳೆಯ ಜನ. ಫೋನ್ ಹೊಡೆದುಕೊಂಡರೆ ಯಾರಿಗೋ ನಾನು ಬೇಕಾಗಿದ್ದೇನೆ ಅನ್ನುವ ನಂಬಿಕೆಯನ್ನೇ ಈ ಜಾಹೀರಾತಿನವರು ತಿಂದುಹಾಕಿದ್ದಾರೆ. ನನಗೆ ತಡೆಯಲಾಗದೇ ಇರುವುದು ಇದೇ.

ಬೀದಿಯಲ್ಲೂ ಇದೇ ಕಥೆ. ಕುವೆಂಪುನಗರದ ನಮ್ಮ ರಸ್ತೆಯ ಹೊಂಗೆ ಮರಗಳಿಗೆ ಪಿಜಿ, ಬೋರ್‌ವೆಲ್, ಮೂಲವ್ಯಾಧಿ ಚಿಕಿತ್ಸೆ ಅಂತ ತಗಡಿನ ಬೋರ್ಡು ಮೊಳೆ ಹೊಡೆದಿದ್ದಾರೆ. ಸರ್ಕಲ್ಲಿನಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು, ತಿರುವಿನಲ್ಲಿ ಎದುರಿಗೆ ಬರುವ ಗಾಡಿ ಕಾಣುವುದಿಲ್ಲ. ಕರ್ನಾಟಕದಲ್ಲಿ 1981ರಿಂದಲೇ ಇದಕ್ಕೆ ಕಾನೂನಿದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಗೋಡೆ, ಕಂಬ, ಮರದ ಮೇಲೆ ಜಾಹೀರಾತು ಹಾಕಿದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ದೂರು ಕೊಡಿ, ನೋಡ್ತೀವಿ ಅನ್ನುತ್ತಾರೆ. ನಾವು ಯಾಕೆ ಕೊಡಬೇಕು? ಬೋರ್ಡಿನ ಮೇಲೆ ಅವರ ಹೆಸರು, ಫೋನ್ ನಂಬರ್, ವಿಳಾಸ ಎಲ್ಲಾ ಅವರೇ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದಾರೆ.

ನನಗೆ ಬೇಕಿರುವುದು ಇಷ್ಟೇ. ಸಿಮ್ ಕೊಡುವಾಗಲೇ ಬೇಡ ಅನ್ನುವುದು ತಾನಾಗಿ ಇರಬೇಕು. ಲೋನಿನ ಕರೆ, ಸೈಟಿನ ಕರೆ ಬೇಕು ಅನ್ನುವವರು 1909ಕ್ಕೆ ಮೆಸೇಜ್ ಹಾಕಿ ಕೇಳಿ ಪಡೆಯಲಿ.

ನಿಯಮ ಹಾಗೆ ಬದಲಾಗುವವರೆಗೂ ಸುಮ್ನೆ ಕೂರುವ ಹಾಗಿಲ್ಲ. ಅಮ್ಮನ ಫೋನಿನಿಂದ ಬೇಡ ಅಂತ 1909ಕ್ಕೆ ಮೆಸೇಜ್ ಕಳಿಸಿಕೊಟ್ಟಾಯಿತು. ಅವರ ಬೀದಿಯಲ್ಲಿ ಒಬ್ಬೊಬ್ಬರೇ ಇರುವ ಅಜ್ಜಿಯರು ಸುಮಾರು ಜನ ಇದ್ದಾರೆ, ಮುಂದಿನ ಸಲ ಹೋದಾಗ ಅವರ ಫೋನುಗಳಿಗೂ ಮಾಡಿಕೊಡುತ್ತೇನೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇಂಥವರಿದ್ದರೆ ಇವತ್ತೇ ಮಾಡಿಕೊಡಿ, ಕರೆ ಬಂದರೆ ಏಳು ದಿನದೊಳಗೆ ಅವರ ಪರವಾಗಿ ದೂರನ್ನೂ ನೀವೇ ಬರೆದುಕೊಡಿ.