ಕೆಡಿಸಿದ ವಿಡಿಯೊವನ್ನು ಮತ್ತೊಮ್ಮೆ ಅದೇ ರೀತಿ ಕೆಡಿಸುವುದು

ಬೆಂಗಳೂರಿನ ಒಂದು ಸಣ್ಣ ಸಂಕಲನ ಕೊಠಡಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಸಾಕ್ಷ್ಯಚಿತ್ರವೊಂದರ ಶೀರ್ಷಿಕೆ ಭಾಗಕ್ಕೆ 40 ಸೆಕೆಂಡುಗಳ ಗ್ಲಿಚ್ ದೃಶ್ಯ, ಅಂದರೆ ಕೆಟ್ಟುಹೋದಂತೆ ಕಾಣುವ ದೃಶ್ಯ, ಬೇಕೆಂದು ಅದರ ನಿರ್ದೇಶಕರು ಕೇಳಿದ್ದರು: ಅಜ್ಜಿಯೊಬ್ಬರ ಮುಖ ಕರಗುತ್ತ ಕೆರೆಯ ಅಲೆಗಳಲ್ಲಿ ಹರಿದು ಹೋಗಬೇಕು. ಇದಕ್ಕಾಗಿ ಸಂಕಲನ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಸಿದ್ಧ ಪ್ಲಗಿನ್‌ಗಳಲ್ಲಿ ಹೆಚ್ಚಿನವು ಬಣ್ಣಗಳನ್ನು ಪಕ್ಕಕ್ಕೆ ಸರಿಸಿ ನಾಲ್ಕು ಅಡ್ಡಗೆರೆ ಎಳೆಯುವಷ್ಟಕ್ಕೇ ನಿಲ್ಲುತ್ತವೆ. ನನ್ನ ಕಣ್ಣಿಗೆ ಅದು ಕೆಟ್ಟ ಟಿವಿಯ ವೇಷವೇ ಹೊರತು ಕೆಟ್ಟ ಟಿವಿಯಲ್ಲ. ಆದ್ದರಿಂದ ವಿಡಿಯೊ ಕಡತವನ್ನೇ ಕೆಡಿಸುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ (ಕಂಪ್ಯೂಟರ್ ಪ್ರೋಗ್ರಾಂ) ಒಂದನ್ನು ಬರೆಯುತ್ತೇನೆ ಎಂದೆ. ಸಿನಿಮಾದವರಿಗೆ ಸ್ಕ್ರಿಪ್ಟ್ ಎಂದರೆ ಚಿತ್ರಕಥೆಯಾದ್ದರಿಂದ, ಶೀರ್ಷಿಕೆಗೂ ಕಥೆ ಬೇಕೇ ಎಂದು ಅವರು ಕೇಳಿದ್ದು ನೆನಪಿದೆ.

ಈ ತಂತ್ರಕ್ಕೆ ಡೇಟಾಮೋಶಿಂಗ್ ಎಂಬ ಹೆಸರಿದೆ. ಸಂಕುಚಿತ ವಿಡಿಯೊದಲ್ಲಿ ಪ್ರತಿ ಫ್ರೇಮ್ ಪೂರ್ಣ ಚಿತ್ರವಾಗಿರುವುದಿಲ್ಲ. ಐ-ಫ್ರೇಮ್ ಮಾತ್ರ ತನ್ನಷ್ಟಕ್ಕೆ ತಾನೇ ಪೂರ್ಣವಾಗಿರುತ್ತದೆ. ಅದರ ನಂತರ ಬರುವ ಪಿ-ಫ್ರೇಮ್‌ಗಳು, ಹಿಂದಿನ ಚಿತ್ರದ ಯಾವ ಚೌಕ ಎತ್ತ ಸರಿಯಿತು, ಸರಿದ ಮೇಲೆ ಎಷ್ಟು ವ್ಯತ್ಯಾಸ ಉಳಿಯಿತು ಎಂಬುದನ್ನಷ್ಟೇ ಹೇಳುತ್ತವೆ. ಅಜ್ಜಿಯ ದೃಶ್ಯದ ಬೆನ್ನಿಗೆ ಕೆರೆಯ ದೃಶ್ಯವನ್ನು ಜೋಡಿಸಿ, ಕೆರೆಯ ಮೊದಲ ಐ-ಫ್ರೇಮನ್ನು ಕಿತ್ತುಹಾಕಿದರೆ, ಅಲೆಗಳ ಚಲನೆಯ ಸೂಚನೆಗಳು ಇನ್ನೂ ತೆರೆಯ ಮೇಲಿರುವ ಮುಖದ ಮೇಲೆ ಕೆಲಸ ಮಾಡತೊಡಗುತ್ತವೆ. ವಿಡಿಯೊವನ್ನು ಸಂಕುಚಿಸುವ ತಂತ್ರಾಂಶವಾದ ಎನ್‌ಕೋಡರ್ ಎಲ್ಲೆಲ್ಲಿ ಹೊಸದಾಗಿ ಚೌಕಗಳನ್ನು ಬರೆದಿದೆಯೋ ಅಲ್ಲಲ್ಲಿ ಮಾತ್ರ ಕೆರೆಯ ನೀರು ತೇಪೆ ತೇಪೆಯಾಗಿ ಒಸರುತ್ತದೆ. ಒಂದೇ ಪಿ-ಫ್ರೇಮನ್ನು ಇಪ್ಪತ್ತು ಸಲ ಪುನರಾವರ್ತಿಸಿದರೆ ಅದೇ ಚಲನೆ ಮೇಲಿಂದ ಮೇಲೆ ಸೇರುತ್ತ ಹೋಗಿ ಚಿತ್ರ ಮೇಣದಂತೆ ಇಳಿಯುತ್ತದೆ.

ಇದಕ್ಕೆ ನಾನು ಆರಿಸಿದ್ದು ಎವಿಐ ಎಂಬ ಮಾದರಿಯ ಕಡತದೊಳಗೆ ಎಕ್ಸ್‌ವಿಡ್ ಎಂಬ ಎನ್‌ಕೋಡರಿನಿಂದ ಸಂಕುಚಿಸಿದ ವಿಡಿಯೊ. ಎಚ್.264 ಎಂಬ ಹೊಸ ಸಂಕುಚನ ವಿಧಾನದ ವಿಡಿಯೊದಲ್ಲಿ ಒಂದು ಬಿಟ್ ಕೆಟ್ಟರೂ ಆ ಸ್ಲೈಸ್‌ನ (ಫ್ರೇಮಿನ ತುಂಡಿನ) ಉಳಿದ ಭಾಗವೆಲ್ಲ ಕುಸಿಯಬಹುದು. ಹಳೆಯ ಎಕ್ಸ್‌ವಿಡ್ ಹೆಚ್ಚು ಸಹನಶೀಲ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದ ಮೂಲಕ ಧ್ವನಿಯನ್ನು ಬೇರ್ಪಡಿಸಿ, ಹಿಂದಿನ ಹಾಗೂ ಮುಂದಿನ ಚಿತ್ರಗಳೆರಡನ್ನೂ ಆಧರಿಸುವ ಬಿ-ಫ್ರೇಮ್‌ಗಳನ್ನು ನಿಲ್ಲಿಸಿ, ಐ-ಫ್ರೇಮ್‌ಗಳ ನಡುವಿನ ಅಂತರವನ್ನು ಸಾಧ್ಯವಾದಷ್ಟು ಹೆಚ್ಚಿಸಿ ಎನ್‌ಕೋಡ್ ಮಾಡಿದೆ. ಎವಿಐನಲ್ಲಿ ಪ್ರತಿ ವಿಡಿಯೊ ಫ್ರೇಮಿಗೂ ಮೊದಲು 00ಡಿಸಿ ಎಂಬ ನಾಲ್ಕು ಬೈಟ್‌ಗಳ ಗುರುತು, ಅನಂತರ ನಾಲ್ಕು ಬೈಟ್‌ಗಳಲ್ಲಿ ಫ್ರೇಮಿನ ಅಳತೆ ಇರುತ್ತವೆ. ಫ್ರೇಮಿನೊಳಗೆ 00 00 01 ಬಿ6 ಎಂಬ ಬೈಟ್‌ಗಳ ನಂತರದ ಎರಡು ಬಿಟ್‌ಗಳು 00 ಆಗಿದ್ದರೆ ಅದು ಐ-ಫ್ರೇಮ್, 01 ಆಗಿದ್ದರೆ ಪಿ-ಫ್ರೇಮ್. ಮೊದಲ ಪ್ರಯತ್ನದಲ್ಲಿ ನಾನು ಇಡೀ ಕಡತವನ್ನು 00ಡಿಸಿ ಕಂಡಲ್ಲೆಲ್ಲ ತುಂಡರಿಸಿದ್ದೆ. ಕಡತದ ಕೊನೆಯ ಸೂಚಿಯಲ್ಲಿಯೂ ಪ್ರತಿ ಫ್ರೇಮಿಗೆ ಅದೇ ಗುರುತು ಇರುವುದರಿಂದ ಹನ್ನೆರಡು ಹನ್ನೆರಡು ಬೈಟ್‌ಗಳ ಹುಸಿ ಫ್ರೇಮ್‌ಗಳು ಸಾಲುಗಟ್ಟಿ ಬಂದವು. ಹುಡುಕುವುದನ್ನು ಬಿಟ್ಟು, ಅಳತೆಯನ್ನು ಓದಿ, ಬೆಸ ಸಂಖ್ಯೆ ಬಂದಲ್ಲಿ ಒಂದು ಬೈಟ್ ಹೆಚ್ಚು ಜಿಗಿದು ಮುಂದೆ ಸಾಗುವಂತೆ ತಿದ್ದಿದ ಮೇಲೆ ಸರಿಯಾಯಿತು. ಕಿತ್ತುಹಾಕಿದ ಪ್ರತಿ ಫ್ರೇಮಿಗೂ, ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದಲ್ಲಿ, 40 ಮಿಲಿಸೆಕೆಂಡು ಕಡಿಮೆಯಾಗಿ ಧ್ವನಿಯೊಡನೆ ತಾಳ ತಪ್ಪುವುದರಿಂದ, ಆ ಜಾಗಕ್ಕೆ ಪಕ್ಕದ ಪಿ-ಫ್ರೇಮನ್ನೇ ಮತ್ತೊಮ್ಮೆ ತುಂಬಿಸಿದೆ.

ಇಷ್ಟಾದರೂ ಕರಗುವಿಕೆ ತೀರ ನಯವಾಗಿ ಕಂಡಿತು. ಸ್ವಲ್ಪ ಒರಟುತನ ಬರಲೆಂದು, ಆರಂಭದ ಕೆಲವು ಬೈಟ್‌ಗಳನ್ನು ಮುಟ್ಟದೆ, ಪಿ-ಫ್ರೇಮ್‌ಗಳ ಒಡಲಲ್ಲಿ ಅಲ್ಲೊಂದು ಇಲ್ಲೊಂದು ಬೈಟನ್ನು ಯಾದೃಚ್ಛಿಕವಾಗಿ ಬದಲಿಸುವ ಐದು ಸಾಲುಗಳನ್ನು ಸೇರಿಸಿದೆ. ಮೂರನೆಯ ಸಲ ಓಡಿಸಿದಾಗ ಬಂದ ಫಲಿತಾಂಶ ಅದ್ಭುತವಾಗಿತ್ತು: ಅಜ್ಜಿಯ ಎಡಗಣ್ಣೊಂದೇ ಕದಲದೆ ನಿಂತು, ಉಳಿದ ಮುಖವೆಲ್ಲ ನೀರಾಗಿ ಸರಿಯುತ್ತಿತ್ತು. ನಿರ್ದೇಶಕರು ಮಾನಿಟರಿನ ಮುಂದೆ ಮೊಬೈಲ್ ಹಿಡಿದು ಒಂದು ಫೋಟೊ ತೆಗೆದುಕೊಂಡು, ಇದೇ ಇರಲಿ ಎಂದು ಹೊರಟರು.

ಮರುದಿನ ಅವರು ಆರಂಭದಲ್ಲಿ ಎರಡು ಸೆಕೆಂಡು ಕಡಿಮೆ ಮಾಡಲು ಹೇಳಿದರು. ನಾನು ಮೂಲ ದೃಶ್ಯವನ್ನು ಕತ್ತರಿಸಿ, ಮತ್ತೆ ಎನ್‌ಕೋಡ್ ಮಾಡಿ, ಸ್ಕ್ರಿಪ್ಟ್ ಓಡಿಸಿದೆ. ಕಣ್ಣು ಹೋಗಿತ್ತು. ಹಳೆಯ ಕಡತವೂ ಇರಲಿಲ್ಲ, ಏಕೆಂದರೆ ಸ್ಕ್ರಿಪ್ಟ್ ಪ್ರತಿ ಸಲವೂ ಒಂದೇ ಹೆಸರಿನಲ್ಲಿ ಬರೆಯುತ್ತಿತ್ತು. ಪ್ರತಿ ಓಟದಲ್ಲಿಯೂ ಹೊಸ ಸಂಖ್ಯೆಗಳು ಬರುವುದರಿಂದ ಮಧ್ಯಾಹ್ನದವರೆಗೆ ಓಡಿಸಿದರೂ ಆ ಕಣ್ಣು ಮರಳಲಿಲ್ಲ.

ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜಸಂಖ್ಯೆ (ಪ್ರತಿ ಸಲವೂ ಅದೇ ಸಂಖ್ಯೆಗಳ ಸಾಲು ಬರುವಂತೆ ಮಾಡುವ ಆರಂಭದ ಸಂಖ್ಯೆ) ಕೊಡಬೇಕಿತ್ತು ಎಂಬುದು ತಕ್ಷಣ ಹೊಳೆಯಿತು. ಅದು ಯಾವ ಪ್ರೋಗ್ರಾಮರನಾದರೂ ಹೇಳುವ ಮಾತು. ಆದರೆ ಅದನ್ನು ಸೇರಿಸಿ ಪರೀಕ್ಷಿಸಿದಾಗ, ಬೀಜಸಂಖ್ಯೆ ಒಂದೇ ಇದ್ದರೂ ಮೂಲವನ್ನು ಕತ್ತರಿಸಿದ ಮೇಲೆ ಫಲಿತಾಂಶ ಬೇರೆಯಾಗುತ್ತಿತ್ತು. ಆರಂಭ ಬದಲಾದರೆ ಎನ್‌ಕೋಡರ್ ಬಿಟ್‌ಗಳನ್ನು ಬೇರೆ ರೀತಿಯಲ್ಲಿ ಹಂಚುತ್ತದೆ, ಫ್ರೇಮ್‌ಗಳ ಅಳತೆ ಬದಲಾಗುತ್ತದೆ, ಅದೇ ಸಂಖ್ಯೆ ಬೇರೊಂದು ಚೌಕಕ್ಕೆ ಹೋಗಿ ಬಡಿಯುತ್ತದೆ. ಎನ್‌ಕೋಡರಿನ ಆವೃತ್ತಿ ಬದಲಾದರೂ ಹೀಗಾಗಬಹುದು. ಆದ್ದರಿಂದ ಈಗ ನಾನು ಎಕ್ಸ್‌ವಿಡ್ ಕಡತವನ್ನು ಅಳಿಸುವುದಿಲ್ಲ. ಸ್ಕ್ರಿಪ್ಟ್ ಪ್ರತಿ ಓಟದಲ್ಲಿಯೂ ಬೀಜಸಂಖ್ಯೆಯನ್ನು ಕಡತದ ಹೆಸರಿನಲ್ಲಿಯೇ ಬರೆಯುತ್ತದೆ, ಬದಲಾದ ಫ್ರೇಮ್ ಹಾಗೂ ಬೈಟ್‌ಗಳ ಪಟ್ಟಿಯನ್ನು ಪಕ್ಕದಲ್ಲಿ ಉಳಿಸುತ್ತದೆ. ಮುಖ್ಯವಾಗಿ, ಮೆಚ್ಚುಗೆಯಾದ ಕೂಡಲೇ ಅದನ್ನು ಪ್ರತಿ ಫ್ರೇಮೂ ಪೂರ್ಣ ಚಿತ್ರವಾಗಿರುವ ಪ್ರೊರೆಸ್ ಮಾದರಿಗೆ ಪರಿವರ್ತಿಸಿ, ಕತ್ತರಿಸುವುದೇನಿದ್ದರೂ ಆ ಗಟ್ಟಿಯಾದ ಪ್ರತಿಯ ಮೇಲೆ ಮಾತ್ರ ಕತ್ತರಿಸುತ್ತೇನೆ. ಐ-ಫ್ರೇಮ್ ಇಲ್ಲದ ಕಡತವನ್ನು ಸಂಕಲನ ತಂತ್ರಾಂಶದ ಟೈಮ್‌ಲೈನಿನಲ್ಲಿ ಹಿಂದೆ ಮುಂದೆ ಎಳೆದರೆ ಬೂದು ಬಣ್ಣವಷ್ಟೇ ಕಾಣಬಹುದಾದ್ದರಿಂದ ಈ ಪರಿವರ್ತನೆ ಹೇಗೂ ಬೇಕೇ ಬೇಕು.

ಚಿತ್ರದಲ್ಲಿ ಕೊನೆಗೆ ಉಳಿದದ್ದು ಬೇರೊಂದು ಓಟದ ದೃಶ್ಯ, ಅದೂ ಚೆನ್ನಾಗಿಯೇ ಇದೆ. ಆ ಎಡಗಣ್ಣು ಮಾತ್ರ ನಿರ್ದೇಶಕರ ಮೊಬೈಲಿನಲ್ಲಿ, ಮಾನಿಟರಿನ ಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಫಲನದೊಂದಿಗೆ, ಓರೆಯಾಗಿ ಉಳಿದುಕೊಂಡಿದೆ.